ನಮ್ಮನೆಯ ನೋಯನ್

ನಮ್ಮೂರಿನಲ್ಲಿ ಯಾರ ಬಾಗಿಲಿಗೆ ಕುದುರೆ ಬಂದು ನಿಂತರೂ ಆ ಮನೆಯವರು ಮೊದಲು ಓಡಿ ಬರುವುದು ನನ್ನ ಅಂಗಡಿಗೆ. ಊರಿಗೆಲ್ಲ ಒಂದೇ ಶಾಮಿಯಾನದ ಅಂಗಡಿ, ಅದು ನನ್ನದು. ಶುರುವಿಗೆ ಒಂದು ಕುರ್ಚಿ ಬೇಕು, ಕೊನೆಗೆ ಒಂದು ಜಮಖಾನ ಬೇಕು. ಎರಡನ್ನೂ ಒಟ್ಟಿಗೇ ತಗೊಂಡು ಹೋಗಿ ಎಂದು ನಾನು ಯಾರಿಗೂ ಹೇಳಿದವಳಲ್ಲ, ಮನೆಯವರ ಮನಸ್ಸು ಅಂತ ಒಂದು ಇರುತ್ತದಲ್ಲ. ಕುರ್ಚಿ ಕೊಟ್ಟು ಕಳಿಸಿ, ಜಮಖಾನವನ್ನು ಸುಮ್ಮನೆ ಬಿಸಿಲಿಗೆ ಹಾಕುತ್ತಿದ್ದೆ. ಹೀಗಿರುವಾಗ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ಕುದುರೆ ನನ್ನೆದುರಿಗೇ ನಿಂತು ಒಳಗಿನ ಕುರ್ಚಿಗಳನ್ನು ನೋಡುತ್ತಿತ್ತು.

ಗಿಡ್ಡ ಕಾಲು, ದಪ್ಪ ಕತ್ತು, ಕಣ್ಣಿನ ಮೇಲೆ ಬೀಳುವ ಜೂಲು. ಅದರ ಸಂಗತಿ ನಮ್ಮೂರಿನ ಕೂಸಿಗೂ ಗೊತ್ತು. ಯಾವುದೋ ಕಾಲದಲ್ಲಿ ಮಂಗೋಲರ ರಾಜಕುಮಾರನೊಬ್ಬ ದಂಡೆತ್ತಿ ಹೊರಟಿದ್ದನಂತೆ. ಅವನೇನೂ ನಮ್ಮೂರಿಗೆ ಬರಲಿಲ್ಲ, ದಾರಿಯಲ್ಲಿ ಅವನ ಕಡೆಯವರೇ ಅವನನ್ನು ಮುಗಿಸಿದರು. ಬಂದದ್ದು ಅವನ ಕುದುರೆ, ಅದರ ಲಗಾಮು ಹಿಡಿದುಕೊಂಡು ಒಬ್ಬ ಆಳು. ಒಡೆಯ ಯುದ್ಧ ಗೆದ್ದದ್ದು, ಖಾನನಾಗಿದ್ದ ತನ್ನ ಚಿಕ್ಕಪ್ಪನ ಮೇಲೆ ತಿರುಗಿಬಿದ್ದದ್ದು, ಶತ್ರುವಿನ ಪಾಳೆಯ ಸೇರಿದ್ದು, ಕ್ಷಮೆ ಸಿಕ್ಕಿ ಹಿಂದಕ್ಕೆ ಬಂದದ್ದು, ಕೊನೆಗೆ ಕಂಬಳಿಯೊಳಗೆ ಸುತ್ತಿಸಿಕೊಂಡು ಸತ್ತದ್ದು, ಎಲ್ಲವನ್ನೂ ಕೈಸನ್ನೆಯಲ್ಲೇ ಹೇಳಿ ಆಳೂ ಸತ್ತ. ರಾಜರ ರಕ್ತ ನೆಲಕ್ಕೆ ಬೀಳಬಾರದು ಎಂದು ಅವರಲ್ಲಿ ಸುತ್ತಿಯೇ ಕೊಲ್ಲುವುದಂತೆ. ಕುದುರೆ ಮಾತ್ರ ಸಾಯಲಿಲ್ಲ, ಇವತ್ತಿಗೂ ಸತ್ತಿಲ್ಲ. ಅದು ಯಾರನ್ನು ಹಿಡಿಯುತ್ತದೋ ಅವರು ಆ ಕುಮಾರನ ಬಾಳನ್ನು ಮೊದಲಿನಿಂದ ಕೊನೆಯವರೆಗೆ ಬಾಳಬೇಕು. ಒಲ್ಲೆ ಎಂದು ಬಾಗಿಲು ಹಾಕಿಕೊಂಡವರಿಗೂ ಎಲ್ಲವೂ ಆ ಕ್ರಮದಲ್ಲೇ ಆಗಿದೆ. ಕೊನೆಗೆ ಜಮಖಾನದಲ್ಲಿ ಸುತ್ತಿ ಕುದುರೆಯ ಮೇಲೆ ಅಡ್ಡ ಹಾಕಿದರೆ, ಅದು ಕೆರೆ ಏರಿ ದಾಟಿ ಹೋಗಿ ಒಂಟಿಯಾಗಿ ಬರುತ್ತದೆ. ಬೆನ್ನ ಮೇಲೆ ಜಮಖಾನ ಮಡಿಸಿಟ್ಟಿರುತ್ತದೆ. ಆ ಕಡೆ ಯಾರು ಮಡಿಸುತ್ತಾರೋ ಕಾಣೆ, ನಮ್ಮ ಆಳುಗಳಿಗಿಂತ ಚೆನ್ನಾಗಿ ಮಡಿಸುತ್ತಾರೆ.

ಆ ಆಳು ಬಾಯಿಬಿಟ್ಟು ಆಡಿದ್ದು ಮೂರೇ ಮಾತು. ಖೋರ್ಚಿ ಎಂದ. ನಮ್ಮ ಹಿರಿಯರು, ಪಾಪ, ದೊಡ್ಡ ಮನುಷ್ಯರ ಸಮಾಚಾರ, ಕುರ್ಚಿ ಇಲ್ಲದೆ ಆಗುತ್ತದೆಯೇ ಎಂದು ಕುರ್ಚಿ ಮಾಡಿಸಿದರು. ಅಂಡ ಎಂದ. ಒಂದು ಕೋಳಿಮೊಟ್ಟೆ ತಂದುಕೊಟ್ಟರು. ನೋಯನ್ ಎಂದ. ಆಗ ಹಳಗನ್ನಡ ಬಲ್ಲ ಪಟೇಲರೊಬ್ಬರು ಎದ್ದು ನಿಂತು, "ನೋಯನ್ ಎಂದರೆ ನೋಯನು. ಅವನಿಗೆ ನೋವೇ ಆಗುವುದಿಲ್ಲ ಎಂದರ್ಥ" ಎಂದು ಅಪ್ಪಣೆ ಕೊಟ್ಟರು. ಬಹಳ ಕಾಲದ ಮೇಲೆ ಶಾಲೆಗೆ ಬಂದ ಮೇಷ್ಟ್ರೊಬ್ಬರು, ಖೋರ್ಚಿ ಎಂದರೆ ಬತ್ತಳಿಕೆ ಹೊರುವವನು, ಅಂಡ ಎಂದರೆ ಆಣೆಯಿಟ್ಟು ಅಣ್ಣತಮ್ಮನಾದ ಗೆಳೆಯ, ನೋಯನ್ ಎಂದರೆ ಬರೀ ದಂಡನಾಯಕ ಎಂದು ಬಿಡಿಸಿ ಹೇಳಿದರು. ಊರಿನವರು ಕೈಕಟ್ಟಿ ಕೇಳಿದರು, ಆದರೆ ಅಷ್ಟರಲ್ಲಿ ರೂಢಿ ಗಟ್ಟಿಯಾಗಿತ್ತು. ಕುಮಾರನಾದವನು ಕುರ್ಚಿ ಏರಬೇಕು, ಒಬ್ಬ ಗೆಳೆಯನ ಜೊತೆ ಮೊಟ್ಟೆ ಹಂಚಿಕೊಳ್ಳಬೇಕು, ಏನಾದರೂ ನೋಯುತ್ತದೆ ಎನ್ನಬಾರದು. ಯಾರೂ ಅಂದಿರಲೂ ಇಲ್ಲ. ಜಮಖಾನದ ಗಂಟು ಹಾಕುವುದು ಆ ಮೊಟ್ಟೆ ತಿಂದ ಗೆಳೆಯನ ಕೆಲಸ.

ಈಗ ನಮ್ಮನೆಯವರ ವಿಷಯ. ಅವರ ಹೆಸರು ಮಂಚಯ್ಯ. ಗಂಡನ ಹೆಸರು ಹೇಳಬಾರದು ಅಂತಾರೆ, ಹೇಳಿ ಆಯಿತು. ಅವರಷ್ಟು ನರಳುವ ಗಂಡಸನ್ನು ನಾನು ನೋಡಿಲ್ಲ. ಸೊಳ್ಳೆ ಕಚ್ಚಿದರೆ "ಅಯ್ಯಮ್ಮಾ" ಎಂದು ಶುರುಮಾಡಿ ಸೊಳ್ಳೆ ಮೊಮ್ಮಕ್ಕಳನ್ನು ಕಾಣುವವರೆಗೆ ನಿಲ್ಲಿಸುತ್ತಿರಲಿಲ್ಲ. ಶಾಮಿಯಾನದ ಹಗ್ಗ ಬಿಗಿಯುವಾಗ ಕೈ ಉರಿ, ಬಿಚ್ಚುವಾಗ ಸೊಂಟ ನೋವು, ಸುಮ್ಮನೆ ಕೂತರೆ ಕಾಲು ಜೋಮು. "ಕೆಂಪಾಜಮ್ಮಾ, ಇಲ್ಲಿ ಮುಟ್ನೋಡು, ಸುಡ್ತಾ ಅದಾ?" ಎಂದು ದಿನಕ್ಕೊಮ್ಮೆ ಹಣೆ ಒಡ್ಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ಮುಟ್ಟಿ ನೋಡುತ್ತಿದ್ದೆ. ಆಮೇಲಾಮೇಲೆ ಮುಟ್ಟದೆಯೇ "ಇಲ್ಲ, ತಣ್ಣಗದೆ" ಎನ್ನುತ್ತಿದ್ದೆ. ಊರಿನವರು ಅವರಿಗೆ ಅಯ್ಯಮ್ಮ ಮಂಚಯ್ಯ ಎಂದೇ ಹೆಸರಿಟ್ಟಿದ್ದರು.

ಅಂಥವರು ಹಲ್ಲುಜ್ಜುತ್ತ ಅಂಗಡಿಯ ಮುಂದಕ್ಕೆ ಬಂದು, "ಇದು ನಿನ್ನ ನೋಡ್ತಾ ಅದೋ, ನನ್ನೋ?" ಎಂದರು. ನಾನು ಉತ್ತರ ಹೇಳುವ ಮೊದಲೇ ಕುದುರೆ ಅವರ ಹೆಗಲ ಮೇಲೆ ಗಲ್ಲ ಊರಿತು. ನಮ್ಮ ಮಾವನವರನ್ನೂ ಇದೇ ಕುದುರೆ ಹೊತ್ತುಕೊಂಡು ಹೋಗಿತ್ತು.

ಕುಮಾರನ ಚಿಕ್ಕಪ್ಪನಾದವನು ತಾನಾಗಿಯೇ ಖಾನನಾಗುತ್ತಾನೆ. ಚಿಕ್ಕಪ್ಪ ಇಲ್ಲದವರಿಗೆ ಊರಿನವರೇ ಒಬ್ಬನನ್ನು ಗೊತ್ತುಮಾಡಿಕೊಡುತ್ತಿದ್ದರು. ನಮಗೆ ಆ ತೊಂದರೆ ಇರಲಿಲ್ಲ, ಊರಿನ ಯಜಮಾನಿಕೆ ಮಾಡುತ್ತಿದ್ದ ತಮ್ಮಯ್ಯ ನಮ್ಮ ಮಾವನವರ ಖಾಸಾ ತಮ್ಮ. ಗಡಸು ಮನುಷ್ಯ, ನಕ್ಕದ್ದನ್ನು ಕಂಡವರಿಲ್ಲ. ಅವರೇ ಮುಂದೆ ನಿಂತು ನಮ್ಮನೆಯವರನ್ನು ಕುರ್ಚಿಯಲ್ಲಿ ಕೂರಿಸಿ ಮೆರವಣಿಗೆ ಹೊರಡಿಸಿದರು. ಮಂಚ ಹೋಗಿ ಕುರ್ಚಿ ಸೇರಿತು ಎಂದು ಜನ ನಕ್ಕರು. ಕುರ್ಚಿ ಎತ್ತುವಾಗ ಅದರ ಮಡಿಸುವ ಕೀಲಿಗೆ ನಮ್ಮನೆಯವರ ಬೆರಳು ಸಿಕ್ಕಿತು. "ಅಯ್ಯ" ಎನ್ನುವಷ್ಟರಲ್ಲಿ ಕುದುರೆ ಕಿವಿ ನೆಟ್ಟಗೆ ಮಾಡಿ, ಬಿಟ್ಟುಹೋಗುವಂತೆ ಅತ್ತ ಅರ್ಧ ತಿರುಗಿಯೇಬಿಟ್ಟಿತು. ತಮ್ಮಯ್ಯ ತಕ್ಷಣ ಡೋಲಿನವರಿಗೆ ಸನ್ನೆ ಮಾಡಿದರು. "ಅಮ್ಮಾ" ಡೋಲಿನ ಸದ್ದಿನಲ್ಲಿ ಮುಳುಗಿಹೋಯಿತು, ಕುದುರೆ ಮತ್ತೆ ಇತ್ತ ತಿರುಗಿತು. ಇದನ್ನು ಕಂಡವಳು ನಾನೊಬ್ಬಳೇ ಎಂದುಕೊಂಡೆ. ಅವತ್ತೇ ನನ್ನ ತಲೆಗೆ ಹೊಳೆಯಿತು. ನೋಯುತ್ತದೆ ಎಂದು ಬಾಯಿಬಿಟ್ಟು ಹೇಳಿದವನು ನೋಯನ್ ಹೇಗಾದಾನು? ಪೂರಾ ಒಂದು ಸಲ ಅಂದುಬಿಟ್ಟರೆ ಕುದುರೆ ಬಿಟ್ಟುಹೋಗುತ್ತದೆ. ಅಷ್ಟೇ ತಾನೇ, ನಮ್ಮನೆಯವರಿಗೆ ಅದೇನು ಕಷ್ಟ ಎಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಯಾಕೆಂದರೆ ಅವರು ಗೆದ್ದುಬಿಟ್ಟರು. ಕೆರೆ ತೂಬಿನ ವಿಷಯಕ್ಕೆ ಮೇಗಲಕೇರಿಯವರು ದೊಣ್ಣೆ ಹಿಡಿದು ಬಂದರು. ಸೋತವನಂತೆ ಓಡಿ, ಬೆನ್ನಟ್ಟಿ ಬಂದವರನ್ನು ಬಲೆಗೆ ಕೆಡವುವುದು ಆ ಕುಮಾರನ ವರಸೆಯಂತೆ. ಅದನ್ನು ನಮ್ಮನೆಯವರಿಗೆ ಯಾರೂ ಕಲಿಸಬೇಕಾಗಲಿಲ್ಲ, ಮೊದಲ ದೊಣ್ಣೆ ಕಂಡಕೂಡಲೇ ನಿಜವಾಗಿಯೇ ಓಡಿದರು. ಅವರು ಓಡಿದ ದಾರಿಯಲ್ಲಿ ನಾನು ಒಗೆದ ಶಾಮಿಯಾನವನ್ನು ಹಗ್ಗ ಕಟ್ಟಿ ಒಣಹಾಕಿದ್ದೆ. ನಮ್ಮನೆಯವರಿಗೆ ಹಗ್ಗ ಎಲ್ಲೆಲ್ಲಿದೆ ಎಂದು ಗೊತ್ತಿತ್ತು, ಹಾರಿಕೊಂಡು ಹೋದರು. ಹಿಂದೆ ಬಂದವರೆಲ್ಲ ಎಡವಿ, ಮೇಲಿಂದ ಶಾಮಿಯಾನ ಬಿದ್ದು, ಒಳಗೊಳಗೇ ಒಬ್ಬರಿಗೊಬ್ಬರು ಹೊಡೆದುಕೊಂಡರು. ನಮ್ಮ ಕೆಳಗಲಕೇರಿಗೆ ತೂಬು ಸಿಕ್ಕಿತು, ನಮ್ಮನೆಯವರಿಗೆ ಹೆಸರು ಬಂತು. ನನಗೆ ಶಾಮಿಯಾನವನ್ನು ಇನ್ನೊಂದು ಸಲ ಒಗೆಯುವ ಕೆಲಸ ಬಂತು.

ಅವತ್ತಿನಿಂದ ಅವರ ನರಳಾಟ ನಿಂತಿತು. ಮೊದಮೊದಲು ಕಿವಿಗೆ ಹಿತವೇ ಆಯಿತು, ಸುಳ್ಳು ಯಾಕೆ ಹೇಳಲಿ. ಅವರು ನೆಟ್ಟಗೆ ನಡೆಯುತ್ತಿದ್ದರು, ಮೀಸೆ ತಿರುವುತ್ತಿದ್ದರು, ಸೈಕಲ್ ಶಾಪಿನ ಜವರಯ್ಯನ ಜೊತೆ ಬೇಯಿಸಿದ ಮೊಟ್ಟೆಯನ್ನು ಅರ್ಧರ್ಧ ತಿಂದು ಆಣೆ ಹಾಕಿಕೊಂಡರು. ಜವರಯ್ಯ ಚಿಕ್ಕಂದಿನ ಗೆಳೆಯ, ಬಲು ಮೆತ್ತನೆಯ ಜೀವ. ತನ್ನ ಅರ್ಧ ಮೊಟ್ಟೆಯನ್ನು ಅಳುತ್ತಲೇ ತಿಂದ. "ಉಪ್ಪು ಆಗಿತ್ತು ಕಣತ್ಗೆ" ಎಂದು ನನಗೆ ಹೇಳಿದ. ಉಪ್ಪು ಹಾಕಿಯೇ ಇರಲಿಲ್ಲ.

ಗೆದ್ದ ಮೇಲೆ ಜಗಳ ಬರಬೇಕು, ಬಂತು. ತೂಬಿನ ಬೀಗದ ಕೈಯನ್ನು ತಮ್ಮಯ್ಯ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಗೆದ್ದೋನು ನಾನು, ಕೀಲಿ ಮಾತ್ರ ನಿಮ್ಮ ಉಡುದಾರ್ದಲ್ಲಾ?" ಎಂದು ನಮ್ಮನೆಯವರು ಸಭೆಯಲ್ಲಿ ಗುಡುಗಿದರು. ಗುಡುಗಿದ್ದೇ, ಕುರ್ಚಿಯನ್ನು ಮಡಿಸಿ ಹೆಗಲಿಗೇರಿಸಿಕೊಂಡು ನಡೆದೇ ಮೇಗಲಕೇರಿ ಸೇರಿದರು. ಕುರ್ಚಿ ಹೊತ್ತು ಕಡೆ ಬದಲಿಸುವವರು ಬೇರೆ ಊರುಗಳಲ್ಲೂ ಇದ್ದಾರಂತೆ, ಆದರೆ ಸ್ವಂತ ಹೆಂಡತಿಯ ಅಂಗಡಿಯ ಕುರ್ಚಿ ಹೊತ್ತವರು ಇವರೊಬ್ಬರೇ ಇರಬೇಕು. ಮೊನ್ನೆ ಇವರಿಂದ ಒದೆ ತಿಂದವರೇ ಇವತ್ತು ಹಾರ ಹಾಕಿದರು.

ನಾನು ದಿನವೂ ಮುದ್ದೆ ಉಪ್ಸಾರು ಹೊತ್ತುಕೊಂಡು ಶತ್ರುವಿನ ಪಾಳೆಯಕ್ಕೆ ಹೋಗುತ್ತಿದ್ದೆ. ಒಂದು ದಿನ ಊಟಕ್ಕೆ ಕೂತಾಗ ಅವರ ಅಂಗಾಲು ನೋಡಿದೆ. ಜಾಲಿಮುಳ್ಳು ಒಳಕ್ಕೆ ಮುರಿದು, ಸುತ್ತ ಊದಿ, ಕೀವು ಕಟ್ಟಿತ್ತು.

"ಯಾವಾಗ ಚುಚ್ಚಿದ್ದು ಇದು?"

"ಯಾವ್ದು?"

"ಕಾಲಲ್ಲಿರೋದು! ನೋಯಲ್ವಾ?"

ಅವರು ನನ್ನ ಕಡೆ ನೋಡಲಿಲ್ಲ. "ಉಪ್ಸಾರು ಚೆಂದಾಗದೆ" ಎಂದರು.

ನಾನೇ ಪಿನ್ನು ಬಿಸಿ ಮಾಡಿ ಮುಳ್ಳು ತೆಗೆದೆ. ಮೊದಲಾಗಿದ್ದರೆ ಎರಡು ಕೇರಿಗೂ ಕೇಳುವ ಹಾಗೆ ಕೂಗುತ್ತಿದ್ದವರು ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಕೂತಿದ್ದರು. ಖಾಲಿ ಪಾತ್ರೆ ಹೊತ್ತು ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತೆ. ಮನೆಯೊಳಗೆ ಬೆಕ್ಕು ನಡೆದರೂ ಕೇಳುವಷ್ಟು ಮೌನ. ಆ ಅಯ್ಯಮ್ಮ ಅನ್ನುವ ದನಿ ಇಲ್ಲದೆ ನನಗೆ ಅಡಿಗೆಯೂ ಬೇಡ, ಅಂಗಡಿಯೂ ಬೇಡ ಎನ್ನಿಸಿತ್ತು.

ಕ್ಷಮೆಯ ದಿನವೂ ಬಂತು. ಮಂಗೋಲರಲ್ಲಾದರೆ ಬಟ್ಟಲಲ್ಲಿ ಕುದುರೆಯ ಹಾಲು ಕೊಡುತ್ತಾರೆ. ನಮ್ಮ ಕುದುರೆ ಗಂಡು, ಹಾಗಾಗಿ ಮಜ್ಜಿಗೆ. ತಮ್ಮಯ್ಯ ಬಟ್ಟಲು ಕೊಟ್ಟರು, ನಮ್ಮನೆಯವರು ಕುಡಿದರು, ಎರಡು ಕೇರಿಯವರೂ ಕೇಕೆ ಹಾಕಿದರು. ಕ್ಷಮೆಯಾದ ಮೇಲೆ ಉಳಿದಿರುವುದು ಸುಗ್ಗಿಯ ಔತಣ, ಔತಣ ಮುಗಿದ ಕೂಡಲೇ ಜಮಖಾನ. ಇದೂ ಕೂಸಿಗೂ ಗೊತ್ತಿರುವ ಮಾತೇ.

ನಾನು ಟೊಂಕ ಕಟ್ಟಿದೆ. ಅವರ ಜೋಡಿನೊಳಗೆ ಹುಣಸೆಬೀಜ ಹಾಕಿದೆ, ಅದರ ಮೇಲೇ ಊರೆಲ್ಲ ಸುತ್ತಿ ಬಂದರು. ಜೀನಿನ ಮೇಲೆ ತುರುಚೆಸೊಪ್ಪು ಹಾಸಿದೆ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಪ್ರಜೆಗಳ ಮೇಲಿನ ಪ್ರೀತಿಗೆ ಎಂದು ಹೇಳಿಕೊಂಡರು. ಪೇಟ ಕಟ್ಟುವ ನೆಪದಲ್ಲಿ ಹುಬ್ಬು ಹಣೆಯ ಮಧ್ಯಕ್ಕೆ ಹೋಗುವಂತೆ ಬಿಗಿದೆ. ಜನ ಅದನ್ನು ಗಾಂಭೀರ್ಯ ಎಂದರು, ಮರುದಿನ ನಾಲ್ಕು ಜನ ಹಾಗೇ ಕಟ್ಟಿಕೊಂಡು ಬಂದರು. ಸಭೆಯಲ್ಲಿ ಎಲ್ಲರ ಎದುರಿಗೆ ಬಿಸಿ ಕಾಫಿಯನ್ನು ಅವರ ತೊಡೆಯ ಮೇಲೆ ಚೆಲ್ಲಿದೆ. ಕುದುರೆ ಕಿವಿ ನಿಮಿರಿಸಿತು. ಅವರು ಹಲ್ಲು ಕಚ್ಚಿಕೊಂಡು, "ಹಿತವಾಗದೆ" ಎಂದರು.

ಕೊನೆಗೆ ನೇರವಾಗಿಯೇ ಕೇಳಿದೆ. "ಒಂದ್ಸಲ ಅನ್ರೀ. ಆ ಕುದ್ರೆ ಮುಂದೆ ನೋಯ್ತದೆ ಅಂತ ಒಂದೇ ಒಂದ್ಸಲ ಅನ್ನಿ. ಬುಟ್ಟೋಯ್ತದೆ ಅದು. ನಾನು ಕಣ್ಣಾರೆ ಕಂಡಿವ್ನಿ."

"ಗೊತ್ತು ಕಣಮ್ಮಿ" ಎಂದರು. "ಕುರ್ಚಿಗೆ ಬೆರಳು ಸಿಕ್ಕಾಗ್ಲೇ ಗೊತ್ತಾಯ್ತು."

ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕಂಡಿದ್ದೀರಾ?"

"ಹುಟ್ಟಿದಾಗಿಂದ ನನ್ನ ಅಯ್ಯಮ್ಮ ಅಂದ್ರು. ಊರ ಮಕ್ಕಳೂ ಅಣಕಿಸಿದ್ವು. ನೀನೂ ನನ್ನ ಹಣೆ ಮುಟ್ದೇನೇ ತಣ್ಣಗದೆ ಅಂತಿದ್ದೆ. ಈಗ ಎಲ್ರೂ ಎದ್ದು ನಿಂತು ನೋಯನ್ ಅಂತಾರೆ. ನಮ್ಮಪ್ಪ ಬಾಯಿ ಬುಡ್ದಂಗೆ ಹೋದ. ನಾನು ಅಂದ್ಬುಟ್ರೆ ಮಂಚಯ್ಯ ಕೊನೇಗೂ ಅಯ್ಯಮ್ಮನೇ ಅಂತಾರೆ."

ಕೈ ಚಾಚಿ ಹಣೆ ಮುಟ್ಟಲು ಹೋದರೆ ಅವರು ತಲೆ ಹಿಂದಕ್ಕೆ ತೆಗೆದುಕೊಂಡರು.

ಔತಣದ ದಿನ ಊರಿಗೆ ಊರೇ ಉಂಡಿತು. ಎಲೆ ಎತ್ತಿದ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಕಟ್ಟೆಯ ಮುಂದೆ ಜಮಖಾನ ಹಾಸಿದರು. ಕೆಂಪು ನೀಲಿ ಪಟ್ಟೆಯದು, ನನ್ನ ಅಂಗಡಿಯಲ್ಲಿ ಇರುವುದರಲ್ಲೇ ಒಳ್ಳೆಯದು. ಹಾಸುವ ಮೊದಲು ಅದರ ಪಟ್ಟೆಗಳ ನಡುವೆ ಗುಂಡುಪಿನ್ನು ಚುಚ್ಚಿ ಇಟ್ಟಿದ್ದೆ. ನಮ್ಮನೆಯವರು ಮೀಸೆ ತಿರುವಿ, ಎರಡು ಕೇರಿಗೂ ಕೈ ಮುಗಿದು, ಅದರ ಮೇಲೆ ಮಲಗಿದರು. ಸುರುಳಿ ಸುತ್ತಿದರು. ಪಿನ್ನುಗಳೆಲ್ಲ ಒಳಗೇ ಹೋದವು, ಒಳಗಿಂದ ಉಸಿರೂ ಬರಲಿಲ್ಲ. ಜನ, "ನೋಯನ್! ನೋಯನ್!" ಎಂದು ಕೂಗಿದರು.

ಜವರಯ್ಯ ಹಗ್ಗ ಹಿಡಿದು ಬಂದ. ಅವನು ಹಾಕಿದ ಗಂಟೆಲ್ಲ ಬಿಚ್ಚಿಕೊಳ್ಳುತ್ತಿತ್ತು. "ಅತ್ಗೆ, ಆಯ್ತಾ ಇಲ್ಲ ಕಣತ್ಗೆ" ಎಂದು ಹಗ್ಗವನ್ನು ನನ್ನ ಕೈಗೇ ಕೊಟ್ಟು ಕಟ್ಟೆಯ ಮೂಲೆಯಲ್ಲಿ ಕೂತ. ತಮ್ಮಯ್ಯ ನನ್ನನ್ನೇ ನೋಡುತ್ತಿದ್ದರು. ಬೇಡ ಎಂದು ಅವರೂ ಅನ್ನಲಿಲ್ಲ.

ಸಡಿಲವಾಗಿ ಹಾಕಬೇಕೆಂದೇ ಕೂತೆ. ಆದರೆ ಇಷ್ಟು ವರ್ಷ ಶಾಮಿಯಾನ ಬಿಗಿದ ಕೈ, ಹಾಳಾದ್ದು, ಸಡಿಲ ಗಂಟು ಬರುವುದೇ ಇಲ್ಲ. ಅವರು ನನ್ನ ಕೊರಳಿಗೆ ಹಾಕಿದ್ದು ಮೂರು ಗಂಟು. ನಾನೂ ಮೂರು ಹಾಕಿದೆ. ಮೂರನೆಯದನ್ನು ಬಿಗಿಯುವಾಗ ನನ್ನ ಬಾಯಿ ಜಮಖಾನದ ತುದಿಯ ಹತ್ತಿರವೇ ಇತ್ತು. ಒಳಗೆ ಅವರ ಕಿವಿ ಇದ್ದದ್ದೂ ಅಲ್ಲೇ. ಮಹಾ ಮಾತೊಂದನ್ನು ಹೇಳಬೇಕೆಂದು ವಾರದಿಂದ ಕಟ್ಟಿಕೊಂಡಿದ್ದೆ. ಊರು ಬಿಟ್ಟುಹೋಗುತ್ತೇನೆ ಅನ್ನಲೋ, ನಿಮ್ಮನ್ನು ಕಂಡರೆ ನನಗೆ ಯಾವತ್ತೂ ಆಗುತ್ತಿರಲಿಲ್ಲ ಅನ್ನಲೋ ಎಂದೆಲ್ಲ. ಬಾಯಿಗೆ ಅದು ಯಾವುದೂ ಬರಲಿಲ್ಲ. ದಿನಾ ಬೆಳಿಗ್ಗೆ ಎದ್ದು ಜಗಳ ಆಡುವ ದನಿಯಲ್ಲೇ, "ಹೋಗಿ ಹೋಗಿ. ನಿಮ್ಮ ಗೊರಕೆ ಇಲ್ದೆ ಇನ್ಮೇಲಾದ್ರೂ ಕಣ್ತುಂಬ ನಿದ್ದೆ ಮಾಡ್ತೀನಿ" ಎಂದುಬಿಟ್ಟೆ.

ಜಮಖಾನದೊಳಗೆ ಏನೋ ಅಲುಗಿತು.

"ಹಂಗನ್ಬ್ಯಾಡ ಕಣಮ್ಮಿ" ಎಂದಿತು ದನಿ. "ನೋಯ್ತದೆ."

ಕುದುರೆ ಬಂದು ಜಮಖಾನವನ್ನು ಮೂಸಿ ನೋಡಿತು. ಒಳಗಿನವರು ಒಮ್ಮೆ ಶುರುಮಾಡಿದ ಮೇಲೆ ನಿಲ್ಲಿಸುವವರಲ್ಲ. "ಪಿನ್ನು ಚುಚ್ತಾ ಅವೆ, ತೊಡೆ ಇನ್ನೂ ಉರೀತಾ ಅದೆ, ಕಾಲು ಜೋಮು ಹಿಡೀತು, ಅಯ್ಯಮ್ಮಾ, ಯಾರಾದ್ರೂ ಬಿಚ್ರಪ್ಪ!" ಕುದುರೆ ಒಂದು ಸಲ ಸೀನಿ, ಬೆನ್ನು ತಿರುಗಿಸಿ ಹೊರಟೇಹೋಯಿತು. ನನ್ನ ಗಂಟು ಬಿಚ್ಚಲು ಯಾರಿಗೂ ಆಗಲಿಲ್ಲ, ಕುಡುಗೋಲು ತರಿಸಿ ಕೊಯ್ಯಬೇಕಾಯಿತು. ಒಳ್ಳೆಯ ಹಗ್ಗ ಹಾಳಾಯಿತು, ನಾನು ಅದರ ಬಗ್ಗೆ ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ಬೆವರು ಸುರಿಯುತ್ತಿದ್ದ ಅವರ ಹಣೆಗೆ ಕೈ ಇಟ್ಟೆ. ಸುಡುತ್ತಿತ್ತು, ಸುಡುತ್ತದೆ ಎಂದೇ ಹೇಳಿದೆ.

ಕುದುರೆ ಅಲ್ಲಿಂದ ನೇರವಾಗಿ ಹೋಗಿ ನಿಂತದ್ದು ತಮ್ಮಯ್ಯನವರ ಬಾಗಿಲಲ್ಲಿ. ಊರೆಲ್ಲ ಹಿಂದೆಯೇ ಹೋಯಿತು. ಅದು ಅವರ ಹೆಗಲ ಮೇಲೆ ಗಲ್ಲ ಊರಿತು. ಅವರು ಅದರ ಜೂಲು ಹಿಡಿದುಕೊಂಡು, "ನಮ್ಮಣ್ಣನ ಜೊತೆ ಮೊಟ್ಟೆ ತಿಂದೋನು ನಾನೇ, ಅವನ ಗಂಟು ಹಾಕ್ದೋನೂ ನಾನೇ ಕಣ್ರಪ್ಪಾ" ಎಂದರು. "ನೋಯ್ತದೆ." ನಮ್ಮನೆಯವರು ಕುಂಟುತ್ತ ಹೋಗಿ ಚಿಕ್ಕಪ್ಪನ ಕೈ ಹಿಡಿದುಕೊಂಡರು. ಕುದುರೆ ಪಕ್ಕದ ಮನೆಗೆ ಹೋಯಿತು.

ಈಗ ನಮ್ಮೂರಿಗೆ ರಾಜಕುಮಾರ ಯಾರೂ ಇಲ್ಲ. ಕುದುರೆ ಬೆಳಿಗ್ಗೆ ಹಾಲಿನವರ ಹಿಂದೆಯೇ ಮನೆಯಿಂದ ಮನೆಗೆ ಬರುತ್ತದೆ. ಬಾಗಿಲಿಗೆ ಬಂದವರು ಅದರ ಕಿವಿಯಲ್ಲಿ ಏನು ನೋಯುತ್ತದೆ ಎಂದು ಹೇಳಿ ಮುಂದಕ್ಕೆ ಕಳಿಸುತ್ತಾರೆ. ಮಂಡಿ ಎನ್ನುವವರಿದ್ದಾರೆ, ಸೊಸೆ ಎನ್ನುವವರಿದ್ದಾರೆ. ಏನೂ ಇಲ್ಲ ಎಂದು ಹೇಳಿದ ಮನೆ ಇನ್ನೂ ಸಿಕ್ಕಿಲ್ಲ. ನಮ್ಮ ಬಾಗಿಲಲ್ಲಿ ಮಾತ್ರ ಅದಕ್ಕೆ ತಡವಾಗುತ್ತದೆ, ನಮ್ಮನೆಯವರ ಪಟ್ಟಿ ಮುಗಿಯುವುದೇ ಇಲ್ಲ. ಕುದುರೆ ನಿಂತಲ್ಲೇ ತೂಕಡಿಸುತ್ತದೆ. ಅದು ಹೋದ ಮೇಲೂ ಅವರು ಅಂಗಡಿಯಲ್ಲಿ ನನ್ನ ಹಿಂದೆ ಹಿಂದೆಯೇ ನರಳಿಕೊಂಡು ಓಡಾಡುತ್ತಾರೆ. ರಾತ್ರಿಯಾದರೆ ಗೊರಕೆ. ತಡೆಯಲಾರದೆ ಕಿವಿಗೆ ಹತ್ತಿ ಇಟ್ಟುಕೊಂಡಿದ್ದೇನೆ. ಒಂದೇ ಕಿವಿಗೆ.